ನೂರಕ್ಕೆ ವಯಸ್ಸು ಕೂಡಿಸಿದರೆ

ನಮ್ಮ ಕುಟುಂಬದ ‘ಹಳೇಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ 41 ಜನರಿದ್ದೇವೆ. ಮಾತನಾಡುವವರು ಏಳೆಂಟು ಮಂದಿ. ಉಳಿದವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮರೆಯಾಗುವವರು. ಕಳೆದ ಗುರುವಾರ ಅಲ್ಲಿ ನಡೆದ ಜಗಳ ಇದು. ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುತ್ತಾರೆ, ದೊಡ್ಡಪ್ಪ ಬರೆಯುವುದೇ ಇಲ್ಲ, ಮಾತಿನಲ್ಲೇ ಕಳಿಸುತ್ತಾರೆ. ಎಲ್ಲವನ್ನೂ ಓದುವಂತೆ ತಿದ್ದಿ ಹಾಕಿದ್ದೇನೆ. ಹೆಸರುಗಳ ಬದಲು ನನ್ನ ಮೊಬೈಲಿನಲ್ಲಿರುವ ನಂಟುಗಳೇ ಇವೆ. ದೊಡ್ಡಪ್ಪನ ಒಪ್ಪಿಗೆಯೂ ಸಿಕ್ಕಿದೆ, ‘ನಾನು ಸೋತಂತೆ ಬರೆಯಕೂಡದು’ ಎಂಬ ಷರತ್ತಿನೊಂದಿಗೆ.

ದೊಡ್ಡಪ್ಪ, ಬೆಳಿಗ್ಗೆ 6:12 (ಬಂದದ್ದನ್ನು ಹಾಗೇ ಮುಂದಕ್ಕೆ ಕಳಿಸಿದ್ದು): ಬಿಪಿ ಎಂಬ ಮಹಾ ಮೋಸ! ಹಿಂದಿನ ವೈದ್ಯರ ಲೆಕ್ಕ ಸರಳ: ನೂರಕ್ಕೆ ನಿಮ್ಮ ವಯಸ್ಸು ಕೂಡಿಸಿ, ಅದೇ ನಿಮ್ಮ ಸರಿಯಾದ ಬಿಪಿ. 2017ರಲ್ಲಿ ಔಷಧ ಕಂಪನಿಗಳು ಅದನ್ನು 130ಕ್ಕೆ ಇಳಿಸಿ ಕೋಟ್ಯಂತರ ಆರೋಗ್ಯವಂತರನ್ನು ಒಂದೇ ರಾತ್ರಿಯಲ್ಲಿ ರೋಗಿಗಳನ್ನಾಗಿ ಮಾಡಿದವು. ಮಾತ್ರೆ ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ. ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ, 6:15: ನನಗೆ 74. ಅಂದರೆ 174ರ ತನಕ ಅಡ್ಡಿಯಿಲ್ಲ. ಮೂರು ತಿಂಗಳಿಂದ ಮಾತ್ರೆ ಬಿಟ್ಟಿದ್ದೇನೆ. ತಲೆನೋವಿಲ್ಲ, ತಲೆಸುತ್ತಿಲ್ಲ. ದಿನಾ ತೋಟಕ್ಕೆ ಎರಡು ಸುತ್ತು ಹಾಕುತ್ತೇನೆ.

ಶಿರಸಿ ಮಾವ: ಸರಿಯಾಗಿ ಹೇಳಿದಿರಿ ಭಾವ. ಬಿಪಿಗೆ ಮದ್ದಾದ ಸರ್ಪಗಂಧ ನಮ್ಮ ಹಿತ್ತಲಿನಲ್ಲೇ ಬೆಳೆಯುತ್ತದೆ. ನಾವು ಅಂಗಡಿಗೆ ಓಡುತ್ತೇವೆ.

ಮೈಸೂರು ಅತ್ತೆ: ಅಯ್ಯೋ ಅಣ್ಣ, ಯಾರನ್ನು ಕೇಳಿ ಬಿಟ್ಟಿರಿ? 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ನಾನು ಇಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡು ಬಂದೆ. ನಾರ್ಮಲ್ ಇದೆ, ದೇವರ ದಯೆ. ಎಲ್ಲರೂ ಇಸಿಜಿ, ಎಕೋ ಮಾಡಿಸಿ.

ಅಷ್ಟು ಹೊತ್ತಿಗೆ ಐದಾರು ಕೈಮುಗಿದ ಚಿತ್ರಗಳು ಬಿದ್ದವು. ಅವು ಯಾರ ಪರ ಎಂದು ಇವತ್ತಿಗೂ ಗೊತ್ತಿಲ್ಲ.

ಮೇಷ್ಟ್ರು ಭಾವ (ಇತಿಹಾಸ ಪಾಠ ಮಾಡಿ ನಿವೃತ್ತರಾದವರು): ವಯಸ್ಸಿಗೆ ತಕ್ಕ ಬಿಪಿ ಎಂಬ ಮಾತನ್ನು ನಂಬಿ ಕೆಟ್ಟವರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಒಬ್ಬರು. 1944ರ ಮಾರ್ಚ್‌ನಲ್ಲಿ ಹೃದಯದ ಡಾಕ್ಟರು ಬ್ರೂಯೆನ್ ನೋಡಿದಾಗ 186/108. ಆದರೂ ಖಾಸಗಿ ವೈದ್ಯರು ‘ಅಧ್ಯಕ್ಷರು ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದ್ದಾರೆ’ ಎನ್ನುತ್ತಲೇ ಬಂದರು. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದವರು ಕುಸಿದರು. ಆಗ ಅಳೆದ ಬಿಪಿ 300ರ ಮೇಲೆ. ಮೆದುಳಿನಲ್ಲಿ ರಕ್ತಸ್ರಾವ. ವಯಸ್ಸು 63 ಅಷ್ಟೇ.

ದೊಡ್ಡಪ್ಪ: ಅವರಿಗೆ ಯುದ್ಧ ಇತ್ತು. ನನಗೆ ಅಡಿಕೆ ಕೊಳೆ ಒಂದೇ ಚಿಂತೆ.

ಡಾಕ್ಟರ್ ಅಕ್ಕ ಹೋಬಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಳೆ. ಬೆಳಿಗ್ಗೆ ಎಲ್ಲ ಹೊರರೋಗಿಗಳು, ಹಾಗಾಗಿ ಅವಳು ಇಣುಕಿದ್ದು ಊಟದ ಹೊತ್ತಿಗೆ.

ಡಾಕ್ಟರ್ ಅಕ್ಕ, 2:05: ದೊಡ್ಡಪ್ಪ, ಆ ಬರಹದಲ್ಲಿ ಒಂದು ಎಳೆ ನಿಜ. 2017ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘಗಳು ಬಿಪಿ ಹೆಚ್ಚು ಎನ್ನುವ ಗೆರೆಯನ್ನು 130/80ಕ್ಕೆ ಇಳಿಸಿದವು. ಅದರ ಬಗ್ಗೆ ವೈದ್ಯರಲ್ಲೇ ಜಗಳವಿದೆ. ಆದರೆ ನಮ್ಮ ಕೇಂದ್ರದಲ್ಲಿ ನಾವು ನೋಡುವುದು 140/90, ಅದೂ ಒಂದೇ ಸಲದ ಅಳತೆ ನಂಬಿ ಅಲ್ಲ. ನಿಮ್ಮ 174 ಯಾವ ಗೆರೆಯ ಒಳಗೂ ಬರುವುದಿಲ್ಲ.

ಡಾಕ್ಟರ್ ಅಕ್ಕ, 2:07: ವಯಸ್ಸಾದವರಿಗೆ ಹೆಚ್ಚು ಬಿಪಿ ಬೇಕೇ ಎಂದು ಪರೀಕ್ಷಿಸಿಯೇ ನೋಡಿದ್ದಾರೆ. 80 ದಾಟಿದ, ಮೇಲಿನ ಅಂಕಿ 160 ಅಥವಾ ಅದಕ್ಕಿಂತ ಹೆಚ್ಚಿದ್ದ 3,845 ಜನರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಮಾತ್ರೆ ಪಡೆದವರಲ್ಲಿ ಸಾವು 21 ಶೇಕಡಾ ಕಡಿಮೆ. ಅಂತರ ಇಷ್ಟು ಸ್ಪಷ್ಟವಾದ ಮೇಲೆ ಮುಂದುವರಿಸುವುದು ತಪ್ಪು ಎಂದು ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿ, 2008ರಲ್ಲಿ ಪ್ರಕಟಿಸಿದರು. ನೂರಕ್ಕೆ ಎಂಬತ್ತು ಕೂಡಿಸಿದರೆ 180, ಅಲ್ಲವೇ?

ಶಿರಸಿ ಮಾವ: ಸರ್ಪಗಂಧಕ್ಕೆ ಉತ್ತರ ಕೊಡಲಿಲ್ಲ, ತಂಗಿ.

ಡಾಕ್ಟರ್ ಅಕ್ಕ: ಸರ್ಪಗಂಧ ಕೆಲಸ ಮಾಡುತ್ತದೆ ಮಾವ, ನಾನೇನು ಇಲ್ಲ ಎನ್ನುವುದಿಲ್ಲ. ಮುಂಬಯಿಯ ರುಸ್ತುಂ ವಕೀಲ್ 1949ರಲ್ಲೇ ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ತೋರಿಸಿದರು. 1952ರಲ್ಲಿ ಅದರ ಬೇರಿನಿಂದ ರೆಸರ್ಪಿನ್ ತೆಗೆದರು, ಮಾತ್ರೆಯಾಗಿ ವರ್ಷಗಟ್ಟಲೆ ಓಡಿತು. ಆದರೆ ಮೂಗು ಕಟ್ಟುವುದು, ಮನಸ್ಸು ಕುಗ್ಗುವುದು ಮುಂತಾದ ತೊಂದರೆಗಳಿದ್ದವು. ಸುಲಭದ ಮಾತ್ರೆಗಳು ಬಂದ ಮೇಲೆ ಹಿಂದೆ ಬಿತ್ತು. ಹಿತ್ತಲಿನ ಬೇರಿನಲ್ಲಿ ಔಷಧ ಎಷ್ಟಿದೆ ಎಂದು ಅಳೆಯುವವರು ಯಾರು? ಅದನ್ನೂ ದಿನಾ ತಿನ್ನಬೇಕು, ಬಿಟ್ಟರೆ ಬಿಪಿ ಮತ್ತೆ ಏರುತ್ತದೆ.

ಡಾಕ್ಟರ್ ಅಕ್ಕ: ಅತ್ತೆ, ಇಸಿಜಿ ಎಂದರೆ ಹತ್ತು ಸೆಕೆಂಡಿನ ಚಿತ್ರ. ಅದು ನಾರ್ಮಲ್ ಎಂದು ಫ್ರೇಮ್ ಹಾಕಿಸಿ ಇಡಬೇಡಿ. ನಿಮ್ಮ ಬಿಪಿ, ಸಕ್ಕರೆ ನೋಡಿಸಿದ್ದು ಯಾವಾಗ? ಮತ್ತು ಎಲ್ಲರಿಗೂ ಒಂದು ಮಾತು: ಎದೆ ಬಿಗಿದು ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಆಗಲೇ ಇಸಿಜಿ ಬೇಕಾಗುವುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿಯೇ ಸಿಗುತ್ತದೆ.

ಮೈಸೂರು ಅತ್ತೆ: ಸಕ್ಕರೆ ನಾಳೆ ನೋಡಿಸುತ್ತೇನೆ.

ಇದೇ ‘ನಾಳೆ’ಯನ್ನು ಅತ್ತೆ ಎರಡು ವರ್ಷಗಳಿಂದ ಹೇಳುತ್ತಿದ್ದಾರೆ.

ದೊಡ್ಡಪ್ಪ: ನೀನು ಓದಿದವಳು, ಸರಿ. ಆದರೆ ಕಂಪನಿಯವರ ಲಾಭದ ಮಾತು ಸುಳ್ಳೇ?

ಡಾಕ್ಟರ್ ಅಕ್ಕ: ಲಾಭ ಮಾಡುವುದು ಸುಳ್ಳಲ್ಲ. ಆದರೆ ನೀವು ಬಿಟ್ಟಿದ್ದು ಆಮ್ಲೋಡಿಪಿನ್. ಅದರ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ನಮ್ಮಲ್ಲಿ ಹಣವಿಲ್ಲದೆ ತಿಂಗಳಿಗಾಗುವಷ್ಟು ಕೊಟ್ಟು ಕಳಿಸುತ್ತೇವೆ. ನೀವು ಬಿಟ್ಟರೆ ನಷ್ಟವಾಗುವ ಶ್ರೀಮಂತ ಯಾರು ಎಂದು ನನಗೆ ತಿಳಿಯುತ್ತಿಲ್ಲ.

ದೊಡ್ಡಪ್ಪ: ತಲೆನೋವೇ ಇಲ್ಲದವನಿಗೆ ಮಾತ್ರೆ ಯಾಕೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ಬರಲಿಲ್ಲ.

ಡಾಕ್ಟರ್ ಅಕ್ಕ: ತೋಟದ ಪೈಪಿನಲ್ಲಿ ಒತ್ತಡ ಹೆಚ್ಚಿದರೆ ಪೈಪು ನಿಮಗೆ ಹೇಳುತ್ತದೆಯೇ? ಜಾಯಿಂಟ್ ಕಿತ್ತುಕೊಂಡ ದಿನವೇ ಗೊತ್ತಾಗುವುದು. ಇಲ್ಲಿ ಜಾಯಿಂಟ್ ಎಂದರೆ ಮೆದುಳು, ಹೃದಯ, ಕಿಡ್ನಿ. ಲಕ್ವ ಹೊಡೆದ ಮೇಲೆ ಬಂದವರಲ್ಲಿ ಅನೇಕರು ‘ನನಗೆ ಬಿಪಿ ಇತ್ತೆಂದೇ ಗೊತ್ತಿರಲಿಲ್ಲ’ ಎನ್ನುತ್ತಾರೆ.

ಇಲ್ಲಿಗೆ ಜಗಳ ನಿಂತಲ್ಲೇ ನಿಂತಿತು. ಅವಳು ಒಂದು ಅಂಕಿ ಕೊಡುವುದು, ಇವರು ಒಂದು ಗಾದೆ ಎಸೆಯುವುದು. ಆಗ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಏನನ್ನೂ ಬರೆಯದ ದೊಡ್ಡಮ್ಮನ ಸಂದೇಶ ಬಂತು.

ದೊಡ್ಡಮ್ಮ, 3:20: ಕಾಲು ಊದುತ್ತಿತ್ತು. ಅದಕ್ಕೆ ಬಿಟ್ಟಿದ್ದಾರೆ. ಆ ಬರಹ ಬಂದದ್ದು ನಿನ್ನೆ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ನನ್ನ ಮಟ್ಟಿಗೆ ಅಲ್ಲಿಯ ತನಕದ ಚರ್ಚೆಯೆಲ್ಲ ಹೊಟ್ಟು. ಮೂರು ತಿಂಗಳ ಹಿಂದೆ ಬಿಟ್ಟ ಮಾತ್ರೆಗೆ ಕಾರಣ ನಿನ್ನೆ ಸಿಕ್ಕಿತ್ತು. ನಾವು ಆ ಕಾರಣದೊಂದಿಗೆ ಗುದ್ದಾಡುತ್ತಿದ್ದೆವು.

ಡಾಕ್ಟರ್ ಅಕ್ಕ: ಎರಡೂ ಕಾಲೇ, ಒಂದೇ ಕಾಲೇ ದೊಡ್ಡಮ್ಮ? ಮಲಗಿದಾಗ ಉಸಿರು ಕಟ್ಟುತ್ತದೆಯೇ? ತಲೆದಿಂಬು ಎಷ್ಟು? ಹೃದಯದ ತೊಂದರೆಯಲ್ಲ ತಾನೇ ಎಂದು ಕೇಳುತ್ತಿದ್ದೇನೆ.

ದೊಡ್ಡಮ್ಮ: ಎರಡೂ. ಸಂಜೆಗೆ ಚಪ್ಪಲಿಯ ಪಟ್ಟಿ ಏರುತ್ತಿರಲಿಲ್ಲ. ಬಿಟ್ಟ ಮೇಲೆ ಇಳಿದಿದೆ. ದಿಂಬು ಒಂದೇ, ಗೊರಕೆ ಬೀದಿಗೆ ಕೇಳುತ್ತದೆ.

ಡಾಕ್ಟರ್ ಅಕ್ಕ: ಮಾತ್ರೆ 5 ಮಿಲಿಗ್ರಾಂ ಇತ್ತೋ, 10 ಇತ್ತೋ?

ದೊಡ್ಡಮ್ಮ: ಮೊದಲು 5. ಆಮೇಲೆ 10 ಮಾಡಿದರು. ಊತ ಬಂದದ್ದು ಆಗಲೇ.

ಡಾಕ್ಟರ್ ಅಕ್ಕ: ದೊಡ್ಡಪ್ಪ, ಇದನ್ನು ಮೊದಲೇ ಹೇಳಬಾರದಿತ್ತೇ! ಆಮ್ಲೋಡಿಪಿನ್ ಹೆಚ್ಚಿಸಿದಾಗ ಹಲವರಿಗೆ ಪಾದ ಊದುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಹೊರಗೆ ಜಿನುಗುತ್ತದೆ, ಅಷ್ಟೇ. ಬಿಟ್ಟ ಮೇಲೆ ಇಳಿದಿರುವುದರಿಂದ ಅದೇ ಇರಬೇಕು. ಆದರೂ ಒಮ್ಮೆ ಕಣ್ಣಾರೆ ನೋಡುತ್ತೇನೆ. ಅದಕ್ಕೆ ದಾರಿಯಿದೆ: 5ಕ್ಕೆ ಇಳಿಸಿ ಜೊತೆಗೆ ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆ ಕೊಡಬಹುದು. ಮೊದಲು ಕಿಡ್ನಿ ಸರಿಯಿದೆಯೇ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ನೋಡಬೇಕು. ಶನಿವಾರ ನಾನೇ ಬರುತ್ತೇನೆ.

ದೊಡ್ಡಪ್ಪ: ಆ ಡಾಕ್ಟರಿಗೆ ಹೇಳಿದ್ದೆ. ತಲೆ ಎತ್ತದೆ ‘ಮುಂದುವರಿಸಿ’ ಎಂದು ಬರೆದರು. ಮತ್ತೆ ಯಾಕೆ ಹೋಗಲಿ?

ಡಾಕ್ಟರ್ ಅಕ್ಕ: ...ಅದು ನಮ್ಮವರ ತಪ್ಪು ದೊಡ್ಡಪ್ಪ. ಒಪ್ಪುತ್ತೇನೆ.

ಅವಳು ಒಪ್ಪಿದ ಆ ಒಂದು ಸಾಲಿನ ನಂತರ ದೊಡ್ಡಪ್ಪನ ದನಿ ಇಳಿಯಿತು. ಮುಂದಿನ ಸಂದೇಶದಲ್ಲಿ, ಮನೆಯಲ್ಲಿರುವ ಬಿಪಿ ಯಂತ್ರಕ್ಕೆ ಸೆಲ್ ಯಾವುದು ಹಾಕಬೇಕು ಎಂದು ಕೇಳಿದರು.

ಡಾಕ್ಟರ್ ಅಕ್ಕ: ಅದರ ಹಿಂದೆಯೇ ಬರೆದಿರುತ್ತದೆ. ಕುರ್ಚಿಗೆ ಬೆನ್ನು ಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತು ನೋಡಿ. ಪಾದ ನೆಲಕ್ಕೆ, ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಅಂಗಿಯ ಮೇಲೆ ಸುತ್ತಬೇಡಿ, ನಡುವೆ ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಎರಡೂ ಬರೆದಿಡಿ. ಮನೆಯಲ್ಲಿ 135/85 ದಾಟಿದರೆ ಹೆಚ್ಚು ಎಂದೇ ಅರ್ಥ. ಮತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಊಟಕ್ಕೊಂದು ಮಿಡಿ ಸಾಕು. ದಿನದ ಉಪ್ಪು 5 ಗ್ರಾಂ, ಒಂದು ಟೀ ಚಮಚವೂ ಅಲ್ಲ.

ದೊಡ್ಡಮ್ಮ: ಮೊಸರನ್ನಕ್ಕೆ ಮೂರು ಮಿಡಿ ಬೇಕು ಇವರಿಗೆ.

ದೊಡ್ಡಪ್ಪ: ಇದು ಕುಟುಂಬದ ಗುಂಪು, ಎಲ್ಲವನ್ನೂ ಹೇಳಬೇಕಿಲ್ಲ.

ಶುಕ್ರವಾರ ಬೆಳಿಗ್ಗೆ 6:30ಕ್ಕೆ ಗುಂಪಿನಲ್ಲಿ ಒಂದು ಫೋಟೊ ಇತ್ತು. ದೊಡ್ಡಪ್ಪನ ಹಳೆಯ ಡೈರಿ. ಅಡಿಕೆ ತೂಕ ಬರೆಯುತ್ತಿದ್ದ ಪುಟದ ಕೊನೆಯಲ್ಲಿ ಎರಡು ಸಾಲು: 168/94, 164/92.

ದೊಡ್ಡಪ್ಪ: ಕಾಫಿ ಕುಡಿದ ಮೇಲೆ ನೋಡಿದ್ದು. ಲೆಕ್ಕಕ್ಕಿಲ್ಲ.

ಡಾಕ್ಟರ್ ಅಕ್ಕ: ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.

7:10ಕ್ಕೆ ಇನ್ನೊಂದು ಫೋಟೊ: 166/92. ಕೆಳಗೆ ಏನೂ ಬರೆದಿರಲಿಲ್ಲ. ಶಿರಸಿ ಮಾವ ಅದಕ್ಕೂ ಕೈಮುಗಿದ ಚಿತ್ರ ಹಾಕಿದರು.