ಮಲ್ಪೆಯ ಬೋಟಿನ ಹುಡುಗರಿಗೆ ಪೊಲೀಸರ ಮಾತು ಅವರ ಭಾಷೆಯಲ್ಲಿ ಮುಟ್ಟಿಸುವುದು ಹೇಗೆ?

ಕಡಲತಡಿ:
ಮಲ್ಪೆಯಲ್ಲಿ ಬೋಟು ನಿಲ್ಲುವ ದಕ್ಕೆಯ ಹತ್ತಿರ ನಮ್ಮದು ನಾಲ್ಕು ಬಾಡಿಗೆ ರೂಮು ಉಂಟು. ಇರುವವರೆಲ್ಲ ಬೋಟಿಗೆ ಹೋಗುವ ಒಡಿಶಾದ ಹುಡುಗರು. ಮೊನ್ನೆ ರಾತ್ರಿ ಒಬ್ಬ ಬಂದು, ಸ್ಕ್ರೀನ್ ಒಡೆದ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಸುಮ್ಮನೆ ನಿಂತ. ಕೆವೈಸಿ ಅಂತ ಬಂದ ಲಿಂಕ್ ಒತ್ತಿ 18,000 ರೂಪಾಯಿ ಹೋಗಿದೆ, ಅದೂ ಎರಡು ದಿನದ ಹಿಂದೆ. ಆನ್‌ಲೈನ್ ಮೋಸದ ದೂರು ಕೊಡುವ 1930ಕ್ಕೆ ಫೋನ್ ಮಾಡಲಿಲ್ವಾ ಅಂದರೆ, ಅದು ಎಂತ ನಂಬರ್ ಅಂತ ನನ್ನನ್ನೇ ಕೇಳಿದ. ಗೇಟಿನ ಎದುರೇ ಆ ನಂಬರಿನ ಪೋಸ್ಟರ್ ಉಂಟು, ಕನ್ನಡದಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲೀಸ್ ಹತ್ತಿರ ಅಲ್‌ಹ್ಯಾಂಬ್ರಾ ಅಂತ ಒಂದು ಊರಿದೆ. ಹೆಚ್ಚುಕಮ್ಮಿ ಅರ್ಧ ಜನ ಏಷ್ಯಾ ಮೂಲದವರು, ಚೀನೀ ಮಾತಾಡುವವರು ಬಹಳ. ಅಲ್ಲಿನ ಪೊಲೀಸರು 2013ರಲ್ಲಿ ವೀಬೋ ಅಂತ ಟ್ವಿಟರ್ ತರಹದ ಚೀನಾ ಆ್ಯಪ್‌ನಲ್ಲಿ ಖಾತೆ ತೆರೆದು, ಜನ ಚೀನೀಯಲ್ಲಿ ಕೇಳಿದ್ದಕ್ಕೆ ಚೀನೀಯಲ್ಲೇ ಉತ್ತರ ಕೊಟ್ಟರು. ನಮ್ಮಲ್ಲೂ ಹಾಗೆ ಒಡಿಯಾದಲ್ಲಿ ಮಾಡಲು ಆಗುತ್ತದಾ?

ಗೋಳಿಬಜೆ:
ಎಂತ ಮಾರಾಯ್ರೆ, ವೀಬೋ ನಮ್ಮಲ್ಲಿ ಎಲ್ಲಿದೆ? 2020ರ ಜೂನ್‌ನಲ್ಲಿ 59 ಚೀನಾ ಆ್ಯಪ್ ನಿಲ್ಲಿಸಿದಾಗ ಅದೂ ಹೋಯಿತು, ವೀಚಾಟೂ ಹೋಯಿತು. ಇನ್ನು ಇಲ್ಲಿಗೆ ದುಡಿಯಲು ಬಂದವರು ಕನ್ನಡ ಕಲಿಯಲಿ. ಪೊಲೀಸರು ಎಷ್ಟು ಭಾಷೆ ಅಂತ ಕಲಿಯುವುದು? ತುಳು, ಕೊಂಕಣಿ, ಬ್ಯಾರಿಯೇ ಸಾಲದಾ?

ಕಡಲತಡಿ:
ಕಲಿಯಲಿ, ಬೇಡ ಅಂದವರು ಯಾರು? ಆದರೆ ದುಡ್ಡು ಹೋದ ಕೂಡಲೇ ಹೇಳಿದರೆ ಮಾತ್ರ ತಡೆ ಹಿಡಿಯುವ ಚಾನ್ಸ್ ಇರುವುದು. ಆ ಹೊತ್ತಿಗೆ ಕನ್ನಡ ಕ್ಲಾಸಿಗೆ ಹೋಗಲಿಕ್ಕೆ ಆಗುತ್ತದಾ ಅಣ್ಣ?

ಬಂದರ್_ಹುಡುಗ:
ವೀಬೋ ಇಲ್ಲ ಅನ್ನುವುದು ವಿಷಯವೇ ಅಲ್ಲ. ಚೀನಾದಲ್ಲಿ 2009ರಿಂದ ಫೇಸ್‌ಬುಕ್, ಟ್ವಿಟರ್ ಬಂದ್. ಹಾಗಾಗಿ ಅಲ್ಲಿಂದ ಬಂದವರು ಮೊದಲೇ ವೀಬೋದಲ್ಲಿ ಇದ್ದರು, ಪೊಲೀಸರೇ ಅಲ್ಲಿಗೆ ಹೋದರು. ನಮ್ಮ ಬೋಟಿನವರು ಇರುವುದು ವಾಟ್ಸಾಪಿನಲ್ಲಿ. ನಮ್ಮ ಇಲಾಖೆಗಳು ಎಕ್ಸ್‌ನಲ್ಲಿ ಹಾಕುವ ಪೋಸ್ಟರ್ ನೋಡುವುದು ನಾನು, ನೀವು, ನಾಲ್ಕು ಪತ್ರಕರ್ತರು.

ಇನ್ನೊಂದು ಮಾತು. ವೀಬೋದಲ್ಲಿ ಒಬ್ಬ ಕೇಳಿದ್ದನ್ನು ಸಾವಿರ ಜನ ಓದುತ್ತಾರೆ, ಅಯ್ಯೋ ನನಗೂ ಇದೇ ಡೌಟ್ ಇತ್ತು ಅಂತ. ವಾಟ್ಸಾಪಿನಲ್ಲಿ ಪೊಲೀಸರಿಗೆ ಮೆಸೇಜ್ ಮಾಡಿದರೆ ಅದು ಇಬ್ಬರ ಮಧ್ಯೆಯೇ ಉಳಿಯುತ್ತದೆ. ಹಾಗಾಗಿ ಹೆಸರು ತೆಗೆದು, ಪ್ರಶ್ನೆ ಉತ್ತರ ಎರಡನ್ನೂ ಎಲ್ಲರಿಗೂ ಕಾಣುವ ವಾಟ್ಸಾಪ್ ಚಾನೆಲ್‌ನಲ್ಲಿ ಹಾಕಬೇಕು. ಉತ್ತರ ಕೊಡಲು ಜನ ಇಲ್ಲದಿದ್ದರೆ ಖಾತೆ ತೆರೆಯುವುದೇ ಬೇಡ, ಉದ್ಘಾಟನೆಯ ಫೋಟೋಕ್ಕೆ ಮಾತ್ರ ಆದೀತು.

ದೇರಳಕಟ್ಟೆ_ನರ್ಸ್:
ನಮ್ಮ ವಾರ್ಡಿಗೆ ಬಂಗಾಳಿ, ಮಲಯಾಳಂ, ಒಡಿಯಾ ಎಲ್ಲ ಬರುತ್ತದೆ. ಬರೆದು ಕೊಟ್ಟರೆ ಎಷ್ಟೋ ಜನ ಚೀಟಿ ಮಡಚಿ ಕಿಸೆಗೆ ಹಾಕುತ್ತಾರೆ, ಅಷ್ಟೇ. ಓದಲು ಬರುವುದಿಲ್ಲ ಅಂತ ಹೇಳಲು ನಾಚಿಕೆ. ಅವರದೇ ಊರಿನವನ ದನಿಯಲ್ಲಿ ಅರ್ಧ ನಿಮಿಷದ ವಾಯ್ಸ್ ಕಳಿಸಿ ನೋಡಿ, ಮೂರು ಮೂರು ಸಲ ಕೇಳುತ್ತಾರೆ. ಗೂಗಲ್ ಅನುವಾದ ಮಾತ್ರ ಬೇಡ. ಒಮ್ಮೆ ಮಾತ್ರೆ ಊಟದ ಮೊದಲಾ ನಂತರವಾ ಅನ್ನುವುದೇ ಉಲ್ಟಾ ಆಗಿತ್ತು.

ಗೋಳಿಬಜೆ:
ವಾಯ್ಸ್ ಆದರೆ ಒಪ್ಪುವಂಥದ್ದೇ. ಆದರೆ ಪೊಲೀಸರ ಹೆಸರಲ್ಲಿ ಯಾರೋ ಮೋಸಗಾರನೇ ವಾಯ್ಸ್ ಕಳಿಸಿದರೆ? ಈಗ ನಡೆಯುತ್ತಿರುವುದೇ ಅದು ಅಲ್ವಾ.

ಕಡಲತಡಿ:
ಸರಿಯಾದ ಪ್ರಶ್ನೆ. ಅದಕ್ಕೇ ಬೋಟು ನಡೆಸುವ ತಾಂಡೇಲರ ವಾಟ್ಸಾಪ್ ಗ್ರೂಪಿನಿಂದಲೇ ಹೋಗಲಿ ಅಂತ ನನ್ನ ಯೋಚನೆ. ತಾಂಡೇಲ ಹೇಳಿದರೆ ಹುಡುಗರು ನಂಬುತ್ತಾರೆ. ನಿನ್ನೆ ದುಡ್ಡು ಕಳಕೊಂಡ ಹುಡುಗನೇ ಒಡಿಯಾದಲ್ಲಿ 1930, 112 ಎರಡೂ ಹೇಳಿ ರೆಕಾರ್ಡ್ ಮಾಡಿದ. ಹಿಂದೆ ಅವನ ರೂಮ್‌ಮೇಟ್ ಮೀನು ಹುರಿಯುವ ಸದ್ದು ಉಂಟು, ಇರಲಿ. ಸೋಮವಾರ ಠಾಣೆಗೆ ಕೊಂಡುಹೋಗಿ ಕೇಳಿಸಿ, ತಪ್ಪಿದ್ದರೆ ತಿದ್ದಿಸಿ, ಆಮೇಲೆ ಕಳಿಸುತ್ತೇನೆ. ಬಂಗಾಳಿಯಲ್ಲಿ ಇಷ್ಟೇ ಹೇಳಿಕೊಡುವವರು ನಿಮ್ಮ ವಾರ್ಡಿನಲ್ಲಿ ಯಾರಾದರೂ ಸಿಗಬಹುದಾ ಅಕ್ಕ?