‘ಗ್ರಾನ್ ಹೋಟೆಲ್’: ಸಿಬ್ಬಂದಿಯ ಬದುಕನ್ನು ಈ ಧಾರಾವಾಹಿ ಎಷ್ಟು ನಿಜವಾಗಿ ಕಾಣಿಸುತ್ತದೆ?

ಪ್ರಶ್ನೆ (ಕಡಲಂಚು):

ಮಾನ್ಯರೇ,

ಸ್ಪೇನಿನ ‘ಗ್ರಾನ್ ಹೋಟೆಲ್’ ಧಾರಾವಾಹಿಯ ಮೂರು ಸರಣಿಗಳನ್ನೂ ಇತ್ತೀಚೆಗೆ ನೋಡಿ ಮುಗಿಸಿದೆ. 2011ರಿಂದ 2013ರವರೆಗೆ ಆಂತೆನಾ 3 ವಾಹಿನಿಯಲ್ಲಿ ಪ್ರಸಾರವಾದ ಈ ಕಥೆ 1905ರಲ್ಲಿ, ಕಾಂತಾಲೋವಾ ಎಂಬ ಕಾಲ್ಪನಿಕ ಊರಿನ ವೈಭವದ ಹೋಟೆಲೊಂದರಲ್ಲಿ ನಡೆಯುತ್ತದೆ. ಅಲ್ಲಿ ಕೋಣೆಗಳ ಕೆಲಸಕ್ಕಿದ್ದ ಸಹೋದರಿ ಕ್ರಿಸ್ತೀನಾಳನ್ನು ಕಾಣಲು ಬಂದ ಹೂಲಿಯೊ, ಆಕೆ ಕಣ್ಮರೆಯಾಗಿರುವುದನ್ನು ತಿಳಿದು, ತನ್ನ ಗುರುತು ಮರೆಮಾಚಿ ಊಟ ಬಡಿಸುವ ಕೆಲಸಕ್ಕೆ ಸೇರಿಕೊಳ್ಳುತ್ತಾನೆ. ಒಡತಿ ದೋನ್ಯಾ ತೆರೇಸಾಳ ಮಗಳು ಅಲಿಸಿಯಾ ಅವನ ಹುಡುಕಾಟಕ್ಕೆ ಜತೆಯಾಗುತ್ತಾಳೆ.

ಕಥೆಯ ಅರ್ಧದಷ್ಟು ಭಾಗ ಸಿಬ್ಬಂದಿಯ ನಡುವೆಯೇ ಸಾಗುತ್ತದೆ. ಮನೆವಾರ್ತೆಯ ಮೇಲ್ವಿಚಾರಕಿ ದೋನ್ಯಾ ಆಂಖೆಲಾ, ಆಕೆಯ ಮಗ ಆಂದ್ರೆಸ್, ಕೆಲಸದಾಕೆ ಬೆಲೆನ್ ಇವರೆಲ್ಲ ಮಾಲೀಕರ ಕುಟುಂಬದಷ್ಟೇ ಮುಖ್ಯರು. ಆದರೂ ಇವರು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆ, ಕೈಗೆ ಏನು ಬರುತ್ತದೆ, ಕಾಯಿಲೆ ಬಿದ್ದರೆ ಗತಿಯೇನು ಎಂಬುದು ಕಾಣಿಸುವುದೇ ಅಪರೂಪ. ಅತಿಥಿಗಳಂತೂ ಹೆಚ್ಚಿನ ಕಂತುಗಳಲ್ಲಿ ಊಟದ ಸಭಾಂಗಣವನ್ನು ತುಂಬುವ ಜನಜಂಗುಳಿ ಮಾತ್ರ. ಹಾಗಿದ್ದರೆ ಇದೇ ಕಥೆಯನ್ನು ಯಾವುದಾದರೂ ಶ್ರೀಮಂತರ ಬಂಗಲೆಯಲ್ಲಿ ಇಟ್ಟಿದ್ದರೂ ಆಗುತ್ತಿತ್ತಲ್ಲವೇ? ಹೋಟೆಲ್ ಎಂಬ ಸ್ಥಳವೇ ಬೇಕೆನ್ನಲು ಕಾರಣವೇನಾದರೂ ಇದೆಯೇ? 1905ರ ಸ್ಪೇನಿಗೆ ಈ ಚಿತ್ರಣ ಎಷ್ಟು ಹತ್ತಿರ? ಬಲ್ಲವರು ತಿಳಿಸಬೇಕಾಗಿ ವಿನಂತಿ. ಉತ್ತರಗಳಲ್ಲಿ ಕಥೆಯ ಗುಟ್ಟುಗಳು ಹೊರಬೀಳಬಹುದಾದ್ದರಿಂದ, ಇನ್ನೂ ನೋಡದವರು ಎಚ್ಚರಿಕೆಯಿಂದ ಓದಬೇಕು.

ಉತ್ತರ (ಹಳೆಯ ಬಂದರು):

ಹೋಟೆಲ್ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಶ್ರೀಮಂತರ ಮನೆಗೆ ಕೆಲಸಕ್ಕೆ ಸೇರಬೇಕಾದರೆ ಇನ್ನೊಂದು ಮನೆಯವರ ಶಿಫಾರಸು ಬೇಕು, ಊರು ಮನೆತನಗಳ ವಿಚಾರಣೆಯೂ ಆಗುತ್ತದೆ. ಬಂದು ಹೋಗುವವರಿಗಾಗಿಯೇ ಇರುವ ಹೋಟೆಲಿನಲ್ಲಿ ಹೊಸ ಮುಖವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಹೂಲಿಯೊನಂಥ ಅಪರಿಚಿತ ಒಳಹೊಕ್ಕು ತಿಂಗಳುಗಟ್ಟಲೆ ಉಳಿಯಲು ಸಾಧ್ಯವಾಗುವುದು ಅಂಥ ಜಾಗದಲ್ಲಿ ಮಾತ್ರ.

ಚರಿತ್ರೆಯ ವಿಷಯಕ್ಕೆ ಬಂದರೆ, ಧಾರಾವಾಹಿಯು ತನ್ನ ಕಾಲಕ್ಕಿಂತ ತುಸು ಮುಂದೆ ಹೆಜ್ಜೆ ಇಟ್ಟಿದೆ. 1906ರಲ್ಲಿ ದೊರೆ ಹದಿಮೂರನೆಯ ಅಲ್ಫೊನ್ಸೊನ ಮದುವೆ ಮ್ಯಾಡ್ರಿಡ್‌ನಲ್ಲಿ ನಡೆದಾಗ, ಯುರೋಪಿನ ರಾಜಮನೆತನಗಳಿಂದ ಬಂದ ಅತಿಥಿಗಳಿಗೆ ತಕ್ಕ ಹೋಟೆಲುಗಳು ರಾಜಧಾನಿಯಲ್ಲೇ ಇರಲಿಲ್ಲ. ಆ ಕೊರತೆಯನ್ನು ನೀಗಿಸುವ ಪ್ರಯತ್ನದ ಫಲವಾಗಿಯೇ 1910ರಲ್ಲಿ ರಿಟ್ಜ್ ತೆರೆಯಿತು. 1912ರಲ್ಲಿ ಪ್ಯಾಲೆಸ್ ಹೋಟೆಲ್ ಬಂತು. ಉತ್ತರದ ಕಡಲತೀರದಲ್ಲಿ ಸಾನ್ ಸೆಬಾಸ್ಟಿಯನ್ ಮತ್ತು ಸಂತಾಂದೇರ್ ಊರುಗಳು ಸಮುದ್ರಸ್ನಾನಕ್ಕೆ ಬರುವ ಸಿರಿವಂತರಿಂದ ಆ ಹೊತ್ತಿಗಾಗಲೇ ಬೆಳೆದಿದ್ದವು ನಿಜ. ಆದರೆ ನಾವು ತೆರೆಯ ಮೇಲೆ ಕಾಣುವ ಪ್ರಮಾಣದ ವೈಭವ ಅದರ ಮುಂದಿನ ದಶಕಕ್ಕೆ ಸೇರಿದ್ದು.

ಕಟ್ಟಡವೂ ಇದಕ್ಕೆ ಸಾಕ್ಷಿ. ಹೋಟೆಲಿನ ಹೊರನೋಟಕ್ಕೆ ಬಳಸಿರುವುದು ಸಂತಾಂದೇರ್‌ನ ಮಗ್ದಲೇನಾ ಅರಮನೆಯನ್ನು. ದೊರೆ ಬೇಸಗೆಯಲ್ಲಿ ತಮ್ಮ ಊರಿಗೇ ಬಂದು ತಂಗಲಿ ಎಂದು ಅಲ್ಲಿನ ಜನ ಚಂದಾ ಎತ್ತಿ ಕಟ್ಟಿಸಿಕೊಟ್ಟ ಅರಮನೆ ಅದು. ರಾಜಕುಟುಂಬ 1913ರಿಂದ 1930ರವರೆಗೆ ಅಲ್ಲಿ ಬೇಸಗೆ ಕಳೆಯಿತು. ಅಂದರೆ ಕಥೆ ನಡೆಯುವ 1905ರಲ್ಲಿ ಆ ಗುಡ್ಡದ ಮೇಲೆ ಅರಮನೆ ಇನ್ನೂ ಎದ್ದಿರಲಿಲ್ಲ. ಇದನ್ನು ನಾನು ದೋಷವೆನ್ನುವುದಿಲ್ಲ. ಸುತ್ತಲೂ ಕಡಲು, ಒಂದೇ ಕಡೆ ನೆಲ ಎಂಬ ಆ ಜಾಗದ ಗುಣ ಕಥೆಯ ಉಸಿರುಗಟ್ಟಿಸುವ ವಾತಾವರಣಕ್ಕೆ ಚೆನ್ನಾಗಿ ಒದಗಿಬಂದಿದೆ.

ಉತ್ತರ (ಕಾನೂನು ಓದುಗ):

ಪ್ರಶ್ನೆ ಕೇಳಿದವರು ಸಂಬಳ ಮತ್ತು ದುಡಿಮೆಯ ವೇಳೆಯನ್ನು ಹುಡುಕಿದ್ದಾರೆ. ಅವು ಅಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಕಾಲದ ಸತ್ಯ ಬೇರೊಂದು ಕಡೆ, ಮದುವೆ ಮತ್ತು ಮಕ್ಕಳ ವಿಷಯದಲ್ಲಿ, ಗಟ್ಟಿಯಾಗಿ ನಿಂತಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸ್ಪೇನಿನಲ್ಲಿ ಆಗ ಜಾರಿಯಲ್ಲಿದ್ದದ್ದು 1889ರ ನಾಗರಿಕ ಸಂಹಿತೆ. ಗಂಡ ಹೆಂಡತಿಯನ್ನು ರಕ್ಷಿಸಬೇಕು, ಹೆಂಡತಿ ಗಂಡನ ಮಾತಿಗೆ ವಿಧೇಯಳಾಗಿರಬೇಕು ಎಂದು ಅದರಲ್ಲೇ ಬರೆದಿತ್ತು. ಗಂಡನ ಅನುಮತಿಯಿಲ್ಲದೆ ವಿವಾಹಿತೆ ತನ್ನ ಆಸ್ತಿಯನ್ನು ಪರಭಾರೆ ಮಾಡುವಂತಿರಲಿಲ್ಲ. ಈ ನಿಯಮಗಳು ಪೂರ್ತಿಯಾಗಿ ಬಿದ್ದುಹೋದದ್ದು 1975ರಲ್ಲಿ. ದಂಪತಿಗಳು ಬೇರೆಬೇರೆಯಾಗಿ ಬಾಳಲು ನ್ಯಾಯಾಲಯ ಅವಕಾಶ ಕೊಡಬಹುದಿತ್ತೇ ಹೊರತು ವಿವಾಹಬಂಧವನ್ನು ಕಡಿಯುವಂತಿರಲಿಲ್ಲ. ನಿಜವಾದ ವಿಚ್ಛೇದನ ಬಂದದ್ದು 1932ರಲ್ಲಿ, ಗಣರಾಜ್ಯದ ಕಾಲದಲ್ಲಿ. ಫ್ರಾಂಕೊ ಆಡಳಿತ ಅದನ್ನು ರದ್ದುಪಡಿಸಿತು. ಮರಳಿ ಸಿಕ್ಕಿದ್ದು 1981ರಲ್ಲಿ. ಆದ್ದರಿಂದ ತಾಯಿಯ ಒತ್ತಾಯಕ್ಕೆ ಮಣಿದು ವ್ಯವಸ್ಥಾಪಕ ದಿಯೇಗೊನನ್ನು ಮದುವೆಯಾದ ಅಲಿಸಿಯಾ, ಅವನು ಎಂಥವನೆಂದು ತಿಳಿದ ಮೇಲೂ ಹೊರಬರಲಾರದೆ ನರಳುವುದು ಕಥೆಯನ್ನು ಎಳೆಯಲು ಹೂಡಿದ ತಂತ್ರವಲ್ಲ. ಆಕೆಗೆ ಬಾಗಿಲೇ ಇರಲಿಲ್ಲ.

ಇನ್ನು ಸಿಬ್ಬಂದಿಯ ಮಾತು. ಆಂದ್ರೆಸ್ ತೀರಿಕೊಂಡ ಮಾಲೀಕ ದೊನ್ ಕಾರ್ಲೊಸನ ಮಗ ಎಂಬ ಗುಟ್ಟು ಬಯಲಾದಾಗ ಆಸ್ತಿಯ ಪ್ರಶ್ನೆ ಏಳುತ್ತದೆ. ವಿವಾಹಿತ ಪುರುಷನಿಗೆ ಬೇರೆ ಹೆಣ್ಣಿನಲ್ಲಿ ಹುಟ್ಟಿದ ಮಗುವಿಗೆ ಆ ಸಂಹಿತೆ ಕೊಟ್ಟದ್ದು ಜೀವನಾಂಶದ ಹಕ್ಕನ್ನು ಮಾತ್ರ. ಆಸ್ತಿಯ ಮೂರರಲ್ಲಿ ಎರಡು ಪಾಲು ವಿವಾಹದಲ್ಲಿ ಹುಟ್ಟಿದ ಮಕ್ಕಳಿಗೆ ಮೀಸಲು. ತಂದೆ ಉಯಿಲಿನ ಮೂಲಕ ತನ್ನ ಇಚ್ಛೆಯಂತೆ ಕೊಡಬಹುದಾಗಿದ್ದದ್ದು ಉಳಿದ ಒಂದು ಪಾಲನ್ನು. ಮಕ್ಕಳೆಲ್ಲರೂ ಸಮಾನರೆಂದು ಹೇಳಿದ್ದು 1978ರ ಸಂವಿಧಾನ. ಈ ಹಿನ್ನೆಲೆಯಲ್ಲಿ ಬೆಲೆನ್‌ಳ ಕಥೆಯನ್ನು ನೋಡಬೇಕು. ಆಕೆ ಹೆತ್ತ ಮಗು ಮಾಲೀಕರ ಹಿರಿಯ ಮಗಳು ಸೋಫಿಯಾಳ ಮಗುವೆಂದು ಮೇಲಿನ ಅಂತಸ್ತಿನಲ್ಲಿ ಬೆಳೆಯುತ್ತದೆ. ಕೆಲಸದಾಕೆಯ ಮಗುವಿಗೆ ದೊಡ್ಡ ಮನೆತನದ ಹೆಸರು ಸಿಗಲು ಇದ್ದ ದಾರಿ ಸುಳ್ಳು ಒಂದೇ. ಈ ಒಂದು ಎಳೆಯಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಇದ್ದ ದೂರವನ್ನು ಧಾರಾವಾಹಿ ಹೇಳಿರುವಷ್ಟು ನಿಷ್ಠುರವಾಗಿ ಬೇರೆಲ್ಲಿಯೂ ಹೇಳಿಲ್ಲ. ದೋನ್ಯಾ ತೆರೇಸಾ ಕ್ರೂರಿ ಎನ್ನುವುದು ಸುಲಭ. ಆದರೆ ವಾರಸುದಾರನಿಲ್ಲದಿದ್ದರೆ ಕುಟುಂಬದ ಹಿಡಿತ ತಪ್ಪುತ್ತದೆ ಎಂಬ ಆಕೆಯ ಭಯಕ್ಕೆ ಆ ಕಾಲದ ಕಾನೂನೇ ಆಧಾರವಾಗಿತ್ತು.

ಕಡಲಂಚು:

ತಮ್ಮಿಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಬೆಲೆನ್‌ಳ ಎಳೆಯನ್ನು ನಾನು ಈ ದೃಷ್ಟಿಯಿಂದ ನೋಡಿರಲಿಲ್ಲ. ಆ ಕಂತುಗಳನ್ನು ಮತ್ತೆ ನೋಡುತ್ತೇನೆ. ಆದರೂ ಒಂದು ಹಂಬಲ ಉಳಿದಿದೆ. ಹೋಟೆಲಿನ ದುಡಿಮೆ ಮತ್ತು ಅತಿಥಿಗಳು, ಇವೆರಡನ್ನೂ ಕಥೆಯ ನಡುವೆಯೇ ತಂದ ಧಾರಾವಾಹಿ ಯಾವುದಾದರೂ ಇದೆಯೇ?

ಉತ್ತರ (ನಡುಮನೆ):

ಇದೆ. ಬಿಬಿಸಿ 1976 ಮತ್ತು 1977ರಲ್ಲಿ ಪ್ರಸಾರ ಮಾಡಿದ ‘ದಿ ಡಚೆಸ್ ಆಫ್ ಡ್ಯೂಕ್ ಸ್ಟ್ರೀಟ್’ ಅನ್ನು ತಾವು ದಯವಿಟ್ಟು ನೋಡಬೇಕು. ಒಟ್ಟು 31 ಕಂತುಗಳಿವೆ. ಜೆಮ್ಮಾ ಜೋನ್ಸ್ ನಟಿಸಿದ ಲೂಯಿಸಾ ಪಾತ್ರಕ್ಕೆ ಮೂಲ, ಲಂಡನ್ನಿನ ಜರ್ಮಿನ್ ರಸ್ತೆಯ ಕ್ಯಾವೆಂಡಿಶ್ ಹೋಟೆಲನ್ನು ನಡೆಸಿದ ರೋಸಾ ಲೂಯಿಸ್. ಹನ್ನೆರಡನೆಯ ವಯಸ್ಸಿಗೆ ಮನೆಗೆಲಸಕ್ಕೆ ಸೇರಿದ ರೋಸಾ, ಅಡುಗೆಯ ಕೈಗುಣದಿಂದಲೇ ಮೇಲೆ ಬಂದು, 1902ರಲ್ಲಿ ಆ ಹೋಟೆಲಿನ ಒಡತಿಯಾದಳು.

ಇಲ್ಲಿ ಸಿಬ್ಬಂದಿಗೂ ಮಾಲೀಕರಿಗೂ ನಡುವಿನ ಗೆರೆಯನ್ನು ದಾಟಿರುವುದು ಒಬ್ಬಳೇ ಹೆಂಗಸು, ಅದೂ ಗುಟ್ಟಿನ ಹುಟ್ಟಿನಿಂದಲ್ಲ, ದುಡಿಮೆಯಿಂದ. ಹೆಣ್ಣಾಳನ್ನು ಅಡುಗೆಗೆ ಸೇರಿಸಿಕೊಳ್ಳಲು ಮನಸ್ಸಿಲ್ಲದ ಫ್ರೆಂಚ್ ಬಾಣಸಿಗನ ಕೈಕೆಳಗೆ ಲೂಯಿಸಾ ಕಲಿಯುವುದರಿಂದ ಕಥೆ ಮೊದಲಾಗುತ್ತದೆ. ಗಂಡ ಮತ್ತು ಅವನ ಅಕ್ಕ ಹೋಟೆಲನ್ನು ಸಾಲದಲ್ಲಿ ಮುಳುಗಿಸಿದಾಗ ಅವರಿಬ್ಬರನ್ನೂ ಹೊರಹಾಕಿ, ಹಗಲಿರುಳು ಅಡುಗೆ ಮಾಡಿ ಸಾಲ ತೀರಿಸಲು ಹೊರಟು ಆಕೆ ಕುಸಿದುಬೀಳುವ ಭಾಗವನ್ನು ನಾನು ಮರೆಯಲಾರೆ. ನಾಯಿ ಫ್ರೆಡ್‌ನನ್ನು ಎಂದೂ ಬಿಟ್ಟಿರದ ಬಾಗಿಲ ಮೇಲ್ವಿಚಾರಕ ಸ್ಟಾರ್, ಮುದಿ ಪರಿಚಾರಕ ಮೆರಿಮನ್, ಹಳೆಯ ಅಡುಗೆಮನೆಯಿಂದಲೇ ಆಕೆಯ ಜತೆ ಬಂದ ಮೇರಿ ಇವರೆಲ್ಲ ತಮ್ಮ ಕೆಲಸದ ಮೂಲಕವೇ ನಮಗೆ ಪರಿಚಿತರಾಗುತ್ತಾರೆ.

ಅತಿಥಿಗಳ ವಿಷಯದಲ್ಲಂತೂ ಇದು ‘ಗ್ರಾನ್ ಹೋಟೆಲ್’ಗಿಂತ ಬಹಳ ಶ್ರೀಮಂತ. ಅನೇಕ ಕಂತುಗಳು ಹೊಸದಾಗಿ ಬಂದಿಳಿದ ಒಬ್ಬ ಅತಿಥಿಯ ಸುತ್ತ ನಡೆಯುತ್ತವೆ, ಅವರ ಸಂಕಟ ಹೋಟೆಲಿನ ಲೆಕ್ಕದ ಪುಸ್ತಕಕ್ಕೂ ತಟ್ಟುತ್ತದೆ. ನಿಜಜೀವನದ ರೋಸಾ, ಕೈಯಲ್ಲಿ ಕಾಸಿಲ್ಲದ ತರುಣ ಸೈನ್ಯಾಧಿಕಾರಿಗಳ ಖರ್ಚನ್ನು ಸಿರಿವಂತ ಅತಿಥಿಗಳ ಬಿಲ್ಲಿಗೆ ಸೇರಿಸುತ್ತಿದ್ದಳು ಎಂಬ ಮಾತು ಪ್ರಸಿದ್ಧವಾಗಿದೆ. ಯಾರು ಉಣ್ಣುತ್ತಾರೆ, ಯಾರು ತೆರುತ್ತಾರೆ ಎಂಬ ಈ ಪ್ರಶ್ನೆ ಬಂಗಲೆಯ ಕಥೆಯಲ್ಲಿ ಹುಟ್ಟುವುದೇ ಇಲ್ಲ. ತಾವು ಮೊದಲು ಕೇಳಿದ್ದಕ್ಕೆ ನನ್ನ ಉತ್ತರವೂ ಇದೇ.

ಚಿತ್ರೀಕರಣ ಹಳೆಯ ಬಗೆಯದು. ಹೆಚ್ಚಿನ ದೃಶ್ಯಗಳು ಸ್ಟುಡಿಯೊದೊಳಗೆ ನಡೆಯುವುದರಿಂದ ಸಂತಾಂದೇರ್‌ನ ಕಡಲಿನಂಥ ನೋಟ ಸಿಗದು. ಹೋಟೆಲ್ ಕಥೆಗೆ ಬರಲು ಕೆಲವು ಕಂತುಗಳೇ ಹಿಡಿಯುತ್ತವೆ, ಆದರೆ ಅವನ್ನು ಬಿಟ್ಟು ಮುಂದೆ ಹೋಗಬೇಡಿ, ಅಡುಗೆಮನೆಯ ದುಡಿಮೆಯನ್ನು ಅತ್ಯಂತ ಗಮನವಿಟ್ಟು ತೋರಿಸಿರುವುದು ಆ ಮೊದಲ ಕಂತುಗಳಲ್ಲಿಯೇ.