ಕಾರವಾರದ ಗುಡ್ಡದಿಂದ ಅಲ್‌ ಬಿರೂನಿಯ ಹಾಗೆ ಭೂಮಿ ಅಳೆಯಬಹುದೇ?

ಕಾಳಿಸಂಗಮ:
ಅಲ್‌ ಬಿರೂನಿ (973–1048) ಈಗಿನ ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಹತ್ತಿರದ ಬೆಟ್ಟ ಹತ್ತಿ, ದಿಗಂತ ಎಷ್ಟು ಕೆಳಗೆ ಬಾಗಿ ಕಾಣುತ್ತದೆ ಎಂದು ನೋಡಿ ಭೂಮಿಯ ತ್ರಿಜ್ಯ ಲೆಕ್ಕ ಹಾಕಿದನಷ್ಟೆ. ಹತ್ತನೇ ತರಗತಿ ಮಕ್ಕಳಿಂದ ಇಲ್ಲಿ ಅದನ್ನೇ ಮಾಡಿಸಬೇಕೆಂದಿದೆ, ಸಮುದ್ರ ಎದುರಿಗೇ ಇದೆ. ಏನೇನು ಬೇಕು? ಅವನ ಉತ್ತರ ಶೇ 99 ಸರಿ ಇತ್ತು ಎನ್ನುತ್ತಾರೆ, ಹೌದೇ?

ಅಘನಾಶಿನಿ:
ಮೊದಲು ಗುಡ್ಡದ ಎತ್ತರ. ಸಪಾಟಾದ ದಂಡೆಯಲ್ಲಿ, ಗುಡ್ಡದ ತುದಿಗೆ ಒಂದೇ ಗೆರೆಯಲ್ಲಿ ಬರುವಂತೆ 100 ಮೀಟರ್ ಅಂತರದ ಎರಡು ಜಾಗ ಗುರುತಿಸಿ, ಎರಡೂ ಕಡೆಯಿಂದ ತುದಿಯ ಉನ್ನತ ಕೋನ ಅಳೆಯಿರಿ. ಎರಡು ಟ್ಯಾನ್‌ಗಳ ಗುಣಲಬ್ಧವನ್ನು ಅವುಗಳ ವ್ಯತ್ಯಾಸದಿಂದ ಭಾಗಿಸಿ 100ರಿಂದ ಗುಣಿಸಿ. ಇದಕ್ಕೆ ದಂಡೆಯಲ್ಲಿ ಉಪಕರಣ ನಿಂತ ಮಟ್ಟವನ್ನು ಸಮುದ್ರದ ನೀರಿನಿಂದ ಲೆಕ್ಕಹಿಡಿದು ಕೂಡಿಸಿ. ಭರತ–ಇಳಿತದ ಎರಡು ಮೀಟರ್ ಮರೆತರೂ 200 ಮೀಟರ್ ಗುಡ್ಡದಲ್ಲಿ ತಪ್ಪು ಶೇ 1 ಅಷ್ಟೆ.

ಕಷ್ಟ ಇರುವುದು ಮೇಲೆ ಹತ್ತಿದ ಮೇಲೆ. 200 ಮೀಟರ್ ಎತ್ತರದಿಂದ ದಿಗಂತದ ಅವನತ ಕೋನ ಬರೇ 27 ಮಿನಿಟು, ಅರ್ಧ ಡಿಗ್ರಿಯೂ ಇಲ್ಲ. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ ನೋಡುವ ಆಟ ಇಲ್ಲಿ ನಡೆಯುವುದಿಲ್ಲ ಮಾರಾಯ್ರೆ! ಒಂದು ಮಿನಿಟು ಕಡಿಮೆ ಓದಿದರೆ ತ್ರಿಜ್ಯ 500 ಕಿ.ಮೀ. ಹಿಗ್ಗುತ್ತದೆ. ಥಿಯೋಡೊಲೈಟ್ (ಕೋನ ಅಳೆಯುವ ಸರ್ವೆ ದುರ್ಬೀನು) ಬೇಕೇ ಬೇಕು. ಎರಡೂ ಮುಖದಲ್ಲಿ, ಅಂದರೆ ದುರ್ಬೀನನ್ನು ಮಗುಚಿ ತಿರುಗಿಸಿ ಇನ್ನೊಮ್ಮೆ, ಓದಿ ಸರಾಸರಿ ತೆಗೆಯಿರಿ. ಎತ್ತರದ ಎರಡರಷ್ಟನ್ನು ಕೋನದ (ರೇಡಿಯನ್‌ನಲ್ಲಿ) ವರ್ಗದಿಂದ ಭಾಗಿಸಿದರೆ ತ್ರಿಜ್ಯ.

ಹೀಗೆಲ್ಲ ಮಾಡಿದರೂ ತ್ರಿಜ್ಯ ನಿಜಕ್ಕಿಂತ ಹೆಚ್ಚಾಗಿ 7,600 ಕಿ.ಮೀ. ಆಸುಪಾಸು ಬಂದರೆ ಗಾಬರಿ ಬೇಡ. ಗಾಳಿಯ ವಕ್ರೀಭವನ ದಿಗಂತವನ್ನು ಮೇಲಕ್ಕೆತ್ತಿ ತೋರಿಸುತ್ತದೆ, 27 ಇದ್ದದ್ದು 25ರ ಹತ್ತಿರ ಕಾಣುತ್ತದೆ.

ಶಿರಸಿ ಪೇಟೆ:
ಶೇ 99ರ ಮಾತು ನಂಬಬೇಡಿ. ಅವನು ಕೊಟ್ಟ ಅಂಕಿ: ಎತ್ತರ 652 ಮೊಳ ಚಿಲ್ಲರೆ, ಕೋನ 34 ಮಿನಿಟು, ತ್ರಿಜ್ಯ 1,28,03,337 ಮೊಳ. ಮೊಳವನ್ನು ಎಷ್ಟು ಸೆಂಟಿಮೀಟರ್ ಎಂದು ಹಿಡಿಯುತ್ತೀರೋ ಅದರ ಮೇಲೆ ಶೇಕಡಾ ನಿಂತಿದೆ. ಅದೇ ಅಂಕಿಗಳನ್ನು ಕ್ಯಾಲ್ಕುಲೇಟರ್‌ಗೆ ಹಾಕಿ ನೋಡಿ: 1 ಕೋಟಿ 33 ಲಕ್ಷ ಬರುತ್ತದೆ. ಅವನ ಸೂತ್ರದಲ್ಲಿ ಭಾಗಿಸಬೇಕಾದ್ದು ಒಂದರಿಂದ ಆ ಕೋನದ ಕೊಸೈನ್ ಕಳೆದಾಗ ಉಳಿಯುವ ಸಂಖ್ಯೆಯಿಂದ, ಅದು ಅಷ್ಟು ಚಿಕ್ಕದು, ಕೋಷ್ಟಕದ ಕೊನೆಯ ಅಂಕಿ ತುಸು ಸರಿದರೂ ಉತ್ತರ ಲಕ್ಷಗಟ್ಟಲೆ ಹಾರುತ್ತದೆ.

ಮಕ್ಕಳಿಗೆ ಹೇಳಬೇಕಾದ್ದು ಬೇರೆ. ಬಿರೂನಿಗಿಂತ ಮೊದಲು ಬಗ್ದಾದಿನಲ್ಲಿ ಆಳಿದ ಖಲೀಫ ಮಾಮೂನನ ಕಾಲದ ಅಳತೆಗಾರರು ಬಯಲಲ್ಲಿ ನಡೆದು, ಒಂದು ಡಿಗ್ರಿಗೆ 56 ಚಿಲ್ಲರೆ ಮೈಲು ಎಂದಿದ್ದರು. ಬಿರೂನಿಯ ಲೆಕ್ಕದಲ್ಲಿ 56ಕ್ಕೆ ಕೊಂಚ ಕಡಿಮೆ ಬಂತು. ಅವರ ಉಪಕರಣ ಸೂಕ್ಷ್ಮ, ಪಟ್ಟ ಶ್ರಮ ಹೆಚ್ಚು ಎಂದು ತನ್ನದನ್ನು ಬಿಟ್ಟು ಅವರ ಅಂಕಿಯನ್ನೇ ಇಟ್ಟುಕೊಂಡ. ಹಾಗೆಂದು ಹಿರಿಯರ ಮಾತನ್ನು ಸುಮ್ಮನೆ ಒಪ್ಪುವವನಲ್ಲ: ಅರಿಸ್ಟಾಟಲನ ಮಾತುಗಳ ಮೇಲೆ ತತ್ವಜ್ಞಾನಿ, ವೈದ್ಯ ಇಬ್ನ್ ಸೀನಾನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕಳಿಸಿದವನೂ ಇವನೇ.

ಕಾಳಿಸಂಗಮ:
ಥಿಯೋಡೊಲೈಟ್‌ಗೆ ಪಾಲಿಟೆಕ್ನಿಕ್‌ನಲ್ಲಿ ಕೇಳುತ್ತೇನೆ. ಯಾವ ತಿಂಗಳು ಒಳ್ಳೆಯದು?

ಅಘನಾಶಿನಿ:
ಮಳೆ ಬಿಟ್ಟು ಆಕಾಶ ತೊಳೆದಂತಿರುವ ದಿನ, ಬೆಳಿಗ್ಗೆ. ಬಿಸಿಲು ಬೆನ್ನಿಗಿರುತ್ತದೆ, ಪಡುವಣ ಗೆರೆ ಕಡಿದಂತೆ ಕಾಣುತ್ತದೆ. ಕಾವಳ ಇದ್ದರೆ ಇಳಿದು ಬನ್ನಿ. ಕೂರ್ಮಗಡ, ದೇವಗಡ ಅಡ್ಡ ಬಾರದ ಕಡೆಗೆ ನೋಡಿ. ದ್ವೀಪದ ಬುಡ ದಿಗಂತವಲ್ಲ. ನೌಕಾನೆಲೆ ಕಡೆಯ ಗುಡ್ಡದ ಮೇಲೆ ಮಾತ್ರ ದುರ್ಬೀನು ಹೂಡಬೇಡಿ.